ಆ ಶಿನ್ ಪ್ಯಾಡ್ ನಿನಗೆ ನೆನಪಿದೆಯಾ?

ಪ್ರೀತಿಯ ಗೆಳೆಯಾ,

ಭಾನುವಾರ ರಾತ್ರಿ ನೀನು ಸಿಟ್ಟಿನಲ್ಲಿ ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಫುಟ್‌ಬಾಲ್ ವಿಷಯಕ್ಕೆ ನಾವು ಜಗಳ ಆಡೋದು ಹೊಸದೇನಲ್ಲ. ಆದರೆ ನೀನು ಕೊನೆಗೆ ಹೇಳಿದ ಮಾತು ಮನಸ್ಸಿನಲ್ಲೇ ಉಳಿದುಬಿಟ್ಟಿತು. "ಹುಡುಗನ ಕಾಲೇ ಹೋಗಿದೆ ಕಣೋ. ರೆಡ್ ಕಾರ್ಡ್ ಕೊಡದೆ ಇನ್ನೇನು, ಹಾರ ಹಾಕಬೇಕಿತ್ತಾ?" ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ನಮ್ಮ ಹಳೇ ಟೀಮಿನವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರು ಮಾಡ್ಕೋಬೇಡ, ನಿನ್ನ ಹೆಸರು ಎಲ್ಲೂ ಬರೆದಿಲ್ಲ.

ನಾವು ನೋಡಿದ ಆ ವಿಡಿಯೋದಿಂದಲೇ ಶುರು ಮಾಡುತ್ತೇನೆ. 2021ರ ಸೆಪ್ಟೆಂಬರ್ 12, ಲೀಡ್ಸ್‌ನ ಎಲಂಡ್ ರೋಡ್ ಮೈದಾನ. ನಿನ್ನ ಲಿವರ್‌ಪೂಲ್‌ನ ಹಾರ್ವಿ ಎಲಿಯಟ್‌ಗೆ ಆಗ ಬರೀ 18 ವರ್ಷ. ಬಾಲ್ ಹಿಡಿದು ಓಡುತ್ತಿದ್ದಾನೆ. ಹಿಂದಿನಿಂದ ಲೀಡ್ಸ್‌ನ ಪಾಸ್ಕಲ್ ಸ್ಟ್ರಾಯ್ಕ್ ಜಾರಿಕೊಂಡು ಬರುತ್ತಾನೆ, ಬಾಲ್ ಮುಟ್ಟುತ್ತಾನೆ. ಆದರೆ ಹಿಂದೆ ಉಳಿದ ಅವನ ಇನ್ನೊಂದು ಕಾಲಿಗೆ ಎಲಿಯಟ್‌ನ ಕಾಲು ಸಿಕ್ಕಿಕೊಂಡು ಪಾದದ ಕೀಲು ತಪ್ಪುತ್ತದೆ. ರೆಫ್ರಿ ಕ್ರೇಗ್ ಪಾಸನ್ ಸೀಟಿ ಊದುವುದಿಲ್ಲ. ಆಟ ಮುಂದೆ ಹೋಗುತ್ತದೆ. ಎಲಿಯಟ್‌ನ ತಂಡದವನೇ ಆದ ಸಲಾ ಓಡಿ ಬಂದು ನೋಡಿ, ಗಾಬರಿಯಿಂದ ಬೆಂಚಿನ ಕಡೆ ಕೈ ಬೀಸುತ್ತಾನೆ. ಆಮೇಲೆ ಆಟ ನಿಲ್ಲುತ್ತದೆ, ಡಾಕ್ಟರುಗಳು ಬರುತ್ತಾರೆ, ಆಮೇಲೆ ಸ್ಟ್ರಾಯ್ಕ್‌ಗೆ ರೆಡ್ ಕಾರ್ಡ್ ಬರುತ್ತದೆ.

ಒಂದು ಸಲ ಯೋಚನೆ ಮಾಡು. ಟ್ಯಾಕಲ್ (ಬಾಲ್ ಕಸಿಯೋಕೆ ಕಾಲು ಹಾಕೋದು) ಆದಾಗ ಅದು ಫೌಲ್ ಕೂಡ ಅಲ್ಲ. ಒಂದೆರಡು ನಿಮಿಷ ಕಳೆದ ಮೇಲೆ ಅದೇ ಟ್ಯಾಕಲ್‌ಗೆ ಮೈದಾನದಿಂದ ಆಚೆ. ನಡುವೆ ಬದಲಾಗಿದ್ದು ಏನು? ಎಲ್ಲರೂ ಆ ಕಾಲನ್ನು ನೋಡಿದರು, ಅಷ್ಟೇ. ಲೀಡ್ಸ್‌ನವರು ಅಪೀಲ್ ಹಾಕಿದರು, ತಿರಸ್ಕಾರ ಆಯಿತು. ಮೂರು ಮ್ಯಾಚ್ ನಿಷೇಧ ಹಾಗೇ ಉಳಿಯಿತು. ನೋವು ತಿಂದ ಎಲಿಯಟ್ ಮಾತ್ರ ಇನ್‌ಸ್ಟಾಗ್ರಾಮ್‌ನಲ್ಲಿ ಬರೆದ: ಇದು ಅವನ ತಪ್ಪಲ್ಲ, ಇದು ರೆಡ್ ಕಾರ್ಡ್ ಅಲ್ಲ ಅಂತ. ಆಸ್ಪತ್ರೆಯಲ್ಲಿದ್ದ ಹುಡುಗನಿಗೆ ಅಷ್ಟು ಸ್ಪಷ್ಟವಾಗಿ ಕಂಡದ್ದು ಸೋಫಾ ಮೇಲೆ ಕೂತ ನಮಗೆ ಯಾಕೆ ಕಾಣಲಿಲ್ಲ?

ಈಗ ಇನ್ನೊಂದು. 2019ರ ನವೆಂಬರ್ 3, ಗುಡಿಸನ್ ಪಾರ್ಕ್. ಟಾಟನ್‌ಹ್ಯಾಮ್‌ನ ಸನ್ ಹ್ಯುಂಗ್-ಮಿನ್ ಎವರ್ಟನ್‌ನ ಆಂದ್ರೆ ಗೋಮೆಸ್‌ನನ್ನು ಹಿಂದಿನಿಂದ ಬೀಳಿಸುತ್ತಾನೆ. ಗೋಮೆಸ್ ಆಯ ತಪ್ಪಿ ಹೋಗಿ ಟಾಟನ್‌ಹ್ಯಾಮ್‌ನ ಸೆರ್ಜ್ ಓರಿಯೇಗೆ ಡಿಕ್ಕಿ ಹೊಡೆಯುತ್ತಾನೆ, ಕಾಲು ಕೆಳಗೆ ಸಿಕ್ಕಿ ಪಾದದ ಕೀಲು ಮುರಿಯುತ್ತದೆ. ರೆಫ್ರಿ ಮಾರ್ಟಿನ್ ಅಟ್ಕಿನ್ಸನ್ ಮೊದಲು ಎಚ್ಚರಿಕೆಯ ಹಳದಿ ಕಾರ್ಡ್ ತೆಗೆಯುತ್ತಾರೆ. ಗಾಯ ನೋಡಿದ ಮೇಲೆ ಅದು ಕೆಂಪಾಗುತ್ತದೆ. ಸನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅವನನ್ನು ಸಮಾಧಾನ ಮಾಡೋಕೆ ಎವರ್ಟನ್ ಆಟಗಾರರೇ ಹೋದರು. ಎರಡು ದಿನದಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಆ ರೆಡ್ ಕಾರ್ಡನ್ನು ರದ್ದು ಮಾಡಿತು. ಮಾರನೇ ದಿನ ಬೆಲ್‌ಗ್ರೇಡ್‌ನಲ್ಲಿ ಸನ್ ಎರಡು ಗೋಲ್ ಹೊಡೆದ. ಒಂದು ಗೋಲ್ ಆದ ಮೇಲೆ ಕ್ಯಾಮೆರಾ ಮುಂದೆ ನಿಂತು ಎರಡೂ ಕೈ ಜೋಡಿಸಿದ. ಗೋಮೆಸ್‌ಗೆ ಕ್ಷಮೆ ಕೇಳಿದ್ದು ಅದು. ಆ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇಬ್ಬರೂ ಬಂದದ್ದು ಹಿಂದಿನಿಂದ. ಎರಡರಲ್ಲೂ ಹೋದದ್ದು ಪಾದದ ಕೀಲು. ಎರಡು ಸಲವೂ ರೆಫ್ರಿ ಗಾಯ ಕಂಡ ಮೇಲೆ ಮನಸ್ಸು ಬದಲಿಸಿದರು. ಒಬ್ಬನಿಗೆ ನ್ಯಾಯ ಸಿಕ್ಕಿತು, ಇನ್ನೊಬ್ಬನಿಗೆ ಸಿಗಲಿಲ್ಲ. ಸ್ಟ್ರಾಯ್ಕ್ ಪರವಾಗಿ ಯಾರೂ ಅಷ್ಟು ಅಳಲಿಲ್ಲ, ಅದೂ ಒಂದು ಕಾರಣ ಇರಬಹುದು ಅಂತ ನನ್ನ ಅನುಮಾನ.

ರೂಲ್ ಏನು ಹೇಳುತ್ತೆ ಅಂತ ನೀನು ಕೇಳಿದ್ದೆ. ಹನ್ನೆರಡನೇ ನಿಯಮ. ಅಜಾಗರೂಕತೆಯಿಂದ ಆಡಿದರೆ ಬರೀ ಫ್ರೀ ಕಿಕ್. ಎದುರಿನವನಿಗೆ ಏನಾಗುತ್ತೋ ಅನ್ನೋ ಪರಿವೆ ಇಲ್ಲದೆ ನುಗ್ಗಿದರೆ ಹಳದಿ. ಮಿತಿ ಮೀರಿದ ಬಲ ಹಾಕಿದರೆ, ಎದುರಿನವನ ಸುರಕ್ಷತೆಗೆ ಅಪಾಯ ತಂದರೆ ಕೆಂಪು. ಮುಂದಿನಿಂದ ಬಂದನಾ, ಪಕ್ಕದಿಂದ ಬಂದನಾ, ಹಿಂದಿನಿಂದ ಬಂದನಾ, ಒಂದು ಕಾಲಾ, ಎರಡು ಕಾಲಾ, ಅದೆಲ್ಲ ಆಮೇಲಿನ ಮಾತು. ಇಲ್ಲಿ "ಮೂಳೆ ಮುರಿದರೆ" ಅನ್ನೋ ಪದ ಇಲ್ಲ. "ಬೇಕಂತ ಮಾಡಿದರೆ" ಅನ್ನೋ ಪದವೂ ಇಲ್ಲ. "ಬಾಲ್ ಮುಟ್ಟಿದರೆ ಮಾಫಿ" ಅನ್ನೋದಂತೂ ಇಲ್ಲವೇ ಇಲ್ಲ. ನಾವು ಚಿಕ್ಕವರಿದ್ದಾಗ ಪ್ರತಿ ಫೌಲಿಗೂ "ರೆಫ್ರೀ, ಬಾಲ್! ಬಾಲ್!" ಅಂತ ಕೈ ಗುಂಡಗೆ ತಿರುಗಿಸಿ ತೋರಿಸುತ್ತಿದ್ದೆವಲ್ಲ, ಅದು ಪೂರ್ತಿ ನಾವೇ ಕಟ್ಟಿಕೊಂಡ ರೂಲ್.

ಹಾಗಾಗಿ ರೆಫ್ರಿ ನೋಡಬೇಕಾದದ್ದು ಬೇರೆ. ಎಷ್ಟು ವೇಗದಲ್ಲಿ ಬಂದ? ನೆಲ ಬಿಟ್ಟು ಎಗರಿದನಾ? ಕಾಲು ಮಡಚಿತ್ತಾ, ಕೋಲಿನ ಹಾಗೆ ನೆಟ್ಟಗಿತ್ತಾ? ಸ್ಟಡ್ಸ್ (ಬೂಟಿನ ಅಡಿಯ ಮೊಳೆಗಳು) ಮುಂದಿತ್ತಾ? ತಗುಲಿದ್ದು ಬೂಟಿಗಾ, ಮೊಣಕಾಲಿಗಾ? ಕೊನೇ ಕ್ಷಣದಲ್ಲಿ ತಡೆದುಕೊಳ್ಳೋಕೆ ಅವನ ಕೈಲಿ ಆಗುತ್ತಿತ್ತಾ? ಇದೆಲ್ಲ ಕಾಲು ಮುರಿಯುವ ಮೊದಲೇ ಮುಗಿದುಹೋಗಿರುವ ವಿಷಯ.

ವಿಎಆರ್ (ವಿಡಿಯೋ ನೋಡಿ ರೆಫ್ರಿಗೆ ನೆರವಾಗುವ ವ್ಯವಸ್ಥೆ) ಬಂದ ಮೇಲೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ಟಿವಿಯವರು ನಿಧಾನವಾಗಿ, ಫ್ರೇಮ್ ಫ್ರೇಮ್ ನಿಲ್ಲಿಸಿ ತೋರಿಸುತ್ತಾರೆ. ಕಾಲು ಕಾಲಿಗೆ ತಾಗಿದ ಕ್ಷಣದಲ್ಲಿ ಚಿತ್ರ ನಿಂತರೆ ಯಾರು ಬೇಕಾದರೂ ಕಟುಕನ ಥರ ಕಾಣುತ್ತಾರೆ. ವಿಎಆರ್‌ನ ನಿಯಮದಲ್ಲೇ ಹೇಳಿದ್ದಾರೆ: ಎಲ್ಲಿ ತಾಗಿತು ಅಂತ ತಿಳಿಯೋಕೆ ಸ್ಲೋ ಮೋಷನ್ ನೋಡಿ, ಎಷ್ಟು ಜೋರಾಗಿತ್ತು ಅಂತ ತಿಳಿಯೋಕೆ ಮಾಮೂಲು ವೇಗದಲ್ಲೇ ನೋಡಿ. ನಾವು ಭಾನುವಾರ ಆ ವಿಡಿಯೋ ಎಷ್ಟು ಸಲ ನಿಧಾನ ಮಾಡಿ ನೋಡಿದೆವು ಹೇಳು. ಮಾಮೂಲು ವೇಗದಲ್ಲಿ ಒಂದೇ ಒಂದು ಸಲ.

ನಿನ್ನ ಕಡೆಯ ನೋವು ನನಗೆ ಗೊತ್ತಿಲ್ಲ ಅಂದುಕೋಬೇಡ. 2020ರ ಅಕ್ಟೋಬರ್ 17 ನೆನಪಿದೆ. ಆಟ ಶುರುವಾಗಿ ಹತ್ತು ನಿಮಿಷ ಕೂಡ ಆಗಿರಲಿಲ್ಲ. ಎವರ್ಟನ್ ಗೋಲ್‌ಕೀಪರ್ ಜೋರ್ಡನ್ ಪಿಕ್‌ಫರ್ಡ್ ಎರಡೂ ಕಾಲು ಕತ್ತರಿ ಮಾಡಿಕೊಂಡು ನಿನ್ನ ಲಿವರ್‌ಪೂಲ್‌ನ ವ್ಯಾನ್ ಡೈಕ್ ಮಂಡಿಯ ಮೇಲೆ ಬಿದ್ದ. ಲಿಗಮೆಂಟ್ ಹರಿಯಿತು, ವ್ಯಾನ್ ಡೈಕ್‌ಗೆ ಇಡೀ ಸೀಸನ್ ಹೋಯಿತು, ಯೂರೋ ಕಪ್ಪೂ ಹೋಯಿತು. ಕಾರ್ಡ್ ಇಲ್ಲ, ಹಳದಿ ಕೂಡ ಇಲ್ಲ. ವ್ಯಾನ್ ಡೈಕ್ ಆಫ್‌ಸೈಡ್ ಇದ್ದ (ಪಾಸ್ ಬರುವಾಗ ನಿಯಮ ಮೀರಿ ಮುಂದೆ ಇದ್ದ) ಅಂತ ಎಲ್ಲರ ತಲೆ ಅಲ್ಲೇ ಸಿಕ್ಕಿಕೊಂಡಿತು. ಆಫ್‌ಸೈಡ್ ಆದರೆ ಪೆನಾಲ್ಟಿ ಇಲ್ಲ, ಸರಿ. ಆದರೆ ಕಾರ್ಡ್ ಕೊಡೋಕೆ ಅದೇನೂ ಅಡ್ಡಿ ಇರಲಿಲ್ಲ. ರೆಫ್ರಿ ಮೈಕಲ್ ಆಲಿವರ್ ಕೂಡ ಆಮೇಲೆ ಒಪ್ಪಿಕೊಂಡರು, ಪಿಕ್‌ಫರ್ಡ್‌ನನ್ನು ಕಳಿಸಬೇಕಿತ್ತು ಅಂತ. ಅವತ್ತು ನೀನು ರಾತ್ರಿಯೆಲ್ಲ ಮೆಸೇಜ್ ಮಾಡಿದ್ದೆ. ನೀನು ಹೇಳಿದ್ದು ಅವತ್ತು ನೂರಕ್ಕೆ ನೂರು ಸರಿ ಇತ್ತು. ಆದರೆ ಒಂದು ಮಾತು. ವ್ಯಾನ್ ಡೈಕ್ ಎದ್ದು, ಮಂಡಿ ಉಜ್ಜಿಕೊಂಡು ಆಡಿದ್ದರೂ ಅದು ರೆಡ್ ಕಾರ್ಡೇ. ಆಗ ನೀನು ಮೆಸೇಜ್ ಮಾಡುತ್ತಿದ್ದೆಯಾ?

ನನ್ನ ಕಡೆಯದೂ ಹೇಳಬೇಕಲ್ಲ. ನಾನು ಆರ್ಸೆನಲ್‌ನವನು. 2008ರ ಫೆಬ್ರವರಿ 23ನ್ನು ನಾನು ಯಾವತ್ತೂ ಮರೆಯಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಮ್ಯಾಚ್ ಶುರುವಾಗಿ ಮೂರು ನಿಮಿಷ. ಮಾರ್ಟಿನ್ ಟೇಲರ್ ತಡವಾಗಿ ಕಾಲು ಹಾಕಿದ, ನಮ್ಮ ಎಡ್ವಾರ್ಡೋನ ಎಡಗಾಲು ನೋಡಬಾರದ ಹಾಗೆ ತಿರುಗಿತು. ಮೈಕ್ ಡೀನ್ ತಡ ಮಾಡದೆ ರೆಡ್ ಕಾರ್ಡ್ ತೋರಿಸಿದರು. ಮ್ಯಾಚ್ ಮುಗಿದ ಮೇಲೆ ನಮ್ಮ ಕೋಚ್ ವೆಂಗರ್, ಈ ಮನುಷ್ಯ ಇನ್ನು ಯಾವತ್ತೂ ಫುಟ್‌ಬಾಲ್ ಆಡಬಾರದು ಅಂದರು. ಅಂದೇ ಆ ಮಾತು ವಾಪಸ್ ತಗೊಂಡರು. ನಾನು ಮಾತ್ರ ವಾಪಸ್ ತಗೊಳ್ಳಲಿಲ್ಲ. ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗಿದೆ. ಎರಡು ವರ್ಷ ಕಳೆದು, 2010ರ ಫೆಬ್ರವರಿ 27ಕ್ಕೆ ಸ್ಟೋಕ್‌ನಲ್ಲಿ ರಯಾನ್ ಶಾಕ್ರಾಸ್ ನಮ್ಮ 19 ವರ್ಷದ ಆರನ್ ರ‍್ಯಾಮ್ಸಿಯ ಕಾಲು ಮುರಿದ. ಅವನೂ ಅಳುತ್ತಲೇ ಹೊರಗೆ ಹೋದ. ಅದೇ ಸಂಜೆ ಅವನಿಗೆ ಇಂಗ್ಲೆಂಡ್ ತಂಡದಿಂದ ಕರೆ ಬಂತು.

ಆಗ ಟೇಲರ್ ಬಗ್ಗೆ, ಶಾಕ್ರಾಸ್ ಬಗ್ಗೆ, ಎಲ್ಲರ ಬಾಯಲ್ಲೂ ಒಂದೇ ಮಾತು. "ಪಾಪ, ಅವನು ಅಂಥವನಲ್ಲ." ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ಅವನು ಎಂಥವನು ಅಂತ ಕೇಳಿದವರು ಯಾರು? ಟೇಲರ್ ಒಳ್ಳೆಯ ಮನುಷ್ಯನೇ ಇರಬಹುದು, ಆಸ್ಪತ್ರೆಗೆ ಹೋಗಿ ಕ್ಷಮೆಯನ್ನೂ ಕೇಳಿದ. ಆದರೆ ಆ ಕಾಲು ತಡವಾಗಿ ಬಂತು, ಮೇಲೆ ಬಂತು. ಒಳ್ಳೆಯವನ ಕಾಲಾದರೂ ಮೂಳೆಗೆ ವ್ಯತ್ಯಾಸ ಗೊತ್ತಾಗಲ್ಲ. ನಿನ್ನದು "ಕಾಲು ಮುರಿಯಿತು, ಅದಕ್ಕೇ ಕೆಂಪು" ಅನ್ನೋ ವಾದ. ಅವರದು "ಹುಡುಗ ಒಳ್ಳೆಯವನು, ಅದಕ್ಕೇ ಬಿಡಿ" ಅನ್ನೋ ವಾದ. ನನಗೆ ಎರಡೂ ಒಂದೇ ಥರ ಕಾಣುತ್ತವೆ. ಇಬ್ಬರೂ ಟ್ಯಾಕಲನ್ನು ಬಿಟ್ಟು ಅಕ್ಕಪಕ್ಕ ನೋಡುತ್ತಿದ್ದೀರಿ.

ಎಡ್ವಾರ್ಡೋ ವಿಷಯ ಅಲ್ಲಿಗೇ ಮುಗಿಯಲಿಲ್ಲ. ಸುಮಾರು ಒಂದು ವರ್ಷ ಆದ ಮೇಲೆ, 2009ರ ಫೆಬ್ರವರಿಯಲ್ಲಿ, ಎಫ್‌ಎ ಕಪ್‌ನಲ್ಲಿ ಕಾರ್ಡಿಫ್ ವಿರುದ್ಧ ಮತ್ತೆ ಇಳಿದ. ಎರಡು ಗೋಲ್ ಹೊಡೆದ. ನಿನ್ನ ಎಲಿಯಟ್ ವಾಪಸ್ ಬಂದದ್ದೂ ಫೆಬ್ರವರಿಯಲ್ಲೇ, ಎಫ್‌ಎ ಕಪ್‌ನಲ್ಲೇ, ಕಾರ್ಡಿಫ್ ವಿರುದ್ಧವೇ. ಅವನೂ ಗೋಲ್ ಹೊಡೆದ. ಇದನ್ನು ಕಂಡಾಗ ನನಗೆ ಏನೋ ಖುಷಿಯಾಯಿತು, ಸುಮ್ನೆ ಹೇಳಿದೆ. ಎಡ್ವಾರ್ಡೋ ಬಂದ ವರ್ಷವೇ ಆಗಸ್ಟ್‌ನಲ್ಲಿ ಸೆಲ್ಟಿಕ್ ವಿರುದ್ಧ ಗೋಲ್‌ಕೀಪರ್ ಮುಂದೆ ಬಿದ್ದು ಪೆನಾಲ್ಟಿ ಗಿಟ್ಟಿಸಿದ. ಯುರೋಪಿನ ಫುಟ್‌ಬಾಲ್ ಸಂಸ್ಥೆ ವಿಡಿಯೋ ನೋಡಿ, ನಾಟಕ ಮಾಡಿದ್ದಾನೆ ಅಂತ ಎರಡು ಮ್ಯಾಚ್ ನಿಷೇಧ ಹಾಕಿತು. ಅಪೀಲ್‌ನಲ್ಲಿ ಅದು ರದ್ದಾಯಿತು, ಆ ಮಾತು ಬೇರೆ. ಕಾಲು ಮುರಿಯುವ ಟ್ಯಾಕಲ್‌ಗೆ ಮೂರು ಮ್ಯಾಚ್, ಬಿದ್ದ ಹಾಗೆ ಮಾಡಿದ್ದಕ್ಕೆ ಎರಡು. ಈ ತಕ್ಕಡಿ ನನಗೆ ಇವತ್ತಿಗೂ ಅರ್ಥವಾಗಿಲ್ಲ.

"ಅವನು ಎಷ್ಟು ದಿನ ಆಸ್ಪತ್ರೆಯಲ್ಲಿ ಇರ್ತಾನೋ, ಇವನೂ ಅಷ್ಟು ದಿನ ಹೊರಗೆ ಕೂರಲಿ" ಅಂತ ನೀನು ಹೇಳಿದ್ದೆ. ಕೇಳೋಕೆ ಸರಿಯಾಗಿದೆ. 2008ರಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಲೆಕ್ಕ ಹಾಕಿ ನೋಡು. ಗೋಮೆಸ್ ವಾಪಸ್ ಬರುವ ತನಕ, ಅಂದರೆ ನವೆಂಬರ್‌ನಿಂದ ಫೆಬ್ರವರಿ ತನಕ, ಸನ್ ಮನೆಯಲ್ಲಿ. ಸ್ಟ್ರಾಯ್ಕ್‌ಗೆ ಐದು ತಿಂಗಳು. ಈಗ 2010ರ ವಿಶ್ವಕಪ್ ಫೈನಲ್ ನೆನಪಿಸಿಕೋ. ನೆದರ್‌ಲೆಂಡ್ಸ್‌ನ ನೈಜೆಲ್ ಡಿ ಯಾಂಗ್ ಕಾಲು ಎತ್ತಿ ಸ್ಪೇನ್‌ನ ಶಾಬಿ ಅಲೊನ್ಸೋನ ಎದೆಗೇ ಸ್ಟಡ್ಸ್ ಇಟ್ಟ. ನಮ್ಮ ಮನೆಯಲ್ಲಿ ಕೂತು ನೋಡಿದ್ದೆವು, ನೀನು ಕುರ್ಚಿಯಿಂದ ಎದ್ದೇ ನಿಂತಿದ್ದೆ. ರೆಫ್ರಿ ಹೊವರ್ಡ್ ವೆಬ್‌ಗೆ ಅಡ್ಡ ಬಂದವರಿಂದ ಸರಿಯಾಗಿ ಕಾಣಲಿಲ್ಲ, ಹಳದಿ ಕೊಟ್ಟರು. ಅದು ರೆಡ್ ಕಾರ್ಡೇ ಆಗಿತ್ತು ಅಂತ ಆಮೇಲೆ ಅವರೇ ಹೇಳಿದರು. ಅಲೊನ್ಸೋ ಎದ್ದು ಆಟ ಮುಂದುವರಿಸಿದ. ಅಲ್ಲಿಗೆ ನಿನ್ನ ರೂಲಿನ ಪ್ರಕಾರ ಡಿ ಯಾಂಗ್‌ಗೆ ಎಷ್ಟು ದಿನ ಶಿಕ್ಷೆ? ಸೊನ್ನೆ. ಇವರೆಲ್ಲರಲ್ಲಿ ಅತಿ ಕೆಟ್ಟ ಕಾಲು ಹಾಕಿದವನು ಅವನೇ, ಅಲ್ವಾ?

ಇದೆಲ್ಲ ದೂರದ ಊರುಗಳ ಕಥೆ ಅಂತ ನೀನು ಅನ್ನಬಹುದು. ನಮ್ಮ ಕಂಠೀರವದಲ್ಲೇ ಆದದ್ದನ್ನು ಮರೆತೆಯಾ? 2004ರ ಡಿಸೆಂಬರ್ 5, ಫೆಡರೇಷನ್ ಕಪ್ ಫೈನಲ್, ಡೆಂಪೋ ಮತ್ತು ಮೋಹನ್ ಬಗಾನ್. ಡೆಂಪೋದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಎರಡನೇ ಗೋಲ್ ಹೊಡೆಯುವಾಗ ಗೋಲ್‌ಕೀಪರ್ ಸುಬ್ರತಾ ಪಾಲ್‌ಗೆ ಡಿಕ್ಕಿಯಾಗಿ ಬಿದ್ದ. ಮತ್ತೆ ಏಳಲಿಲ್ಲ. ಡೆಂಪೋ ಕಪ್ ಗೆದ್ದಿತು, ಎರಡೂ ಗೋಲ್ ಅವನದೇ. ಮಾರನೇ ದಿನ ಪೇಪರ್ ಹಿಡಿದುಕೊಂಡು ನೀನು ನಮ್ಮ ಮನೆ ಬಾಗಿಲಿಗೆ ಬಂದಿದ್ದು, ಇಬ್ಬರೂ ಮೆಟ್ಟಿಲ ಮೇಲೆ ಮಾತಿಲ್ಲದೆ ಕೂತದ್ದು ನನಗೆ ನೆನಪಿದೆ. ಆ ಗೋಲ್‌ಕೀಪರ್‌ಗೆ ಆಗ ಸುಮಾರು 18 ವರ್ಷ. ಅವನ ಮೇಲೆ ಎಷ್ಟು ಮಾತು ಬಿತ್ತು! ನಾನೂ ಬೈದೆ. ಟಿವಿಯಲ್ಲಿ ಒಂದು ಸಲ ನೋಡಿ, ಒಬ್ಬ ಸತ್ತಿದ್ದಾನೆ ಅಂದಮೇಲೆ ಇವನದೇ ತಪ್ಪು ಅಂತ ತೀರ್ಪು ಕೊಟ್ಟುಬಿಟ್ಟೆ. ಅವನು ಹೇಗೆ ಮುಂದೆ ಬಂದ, ಬಾಲ್ ಎಲ್ಲಿತ್ತು, ನಿಲ್ಲೋಕೆ ಆಗುತ್ತಿತ್ತಾ, ಇದ್ಯಾವುದನ್ನೂ ನಾನು ನೋಡಿರಲಿಲ್ಲ. ನೋಡಬೇಕು ಅಂತಲೂ ಅನ್ನಿಸಿರಲಿಲ್ಲ.

ಆ ಹುಡುಗ ಆಟ ಬಿಡಲಿಲ್ಲ. 2011ರ ಏಷ್ಯನ್ ಕಪ್‌ನಲ್ಲಿ, ದೋಹಾದಲ್ಲಿ, ಭಾರತದ ಗೋಲ್ ಕಾದವನು ಅವನೇ. ದಕ್ಷಿಣ ಕೊರಿಯಾ ನಮ್ಮನ್ನು 4-1ರಲ್ಲಿ ಸೋಲಿಸಿತು, ಅವನು ತಡೆಯದಿದ್ದರೆ ಇನ್ನೂ ಜಾಸ್ತಿ ಆಗುತ್ತಿತ್ತು. ಅವತ್ತು ಕೊರಿಯಾದ ನಾಲ್ಕನೇ ಗೋಲ್ ಹೊಡೆದದ್ದು ಯಾರು ಗೊತ್ತಾ? ಸನ್ ಹ್ಯುಂಗ್-ಮಿನ್. ದೇಶಕ್ಕಾಗಿ ಅವನ ಮೊದಲ ಗೋಲ್ ಅದು. ಎದುರಿಗೆ ನಿಂತವನು ಸುಬ್ರತಾ. ಎಂಟು ವರ್ಷ ಆದ ಮೇಲೆ ಗುಡಿಸನ್‌ನಲ್ಲಿ ಸನ್ ಮುಖ ಮುಚ್ಚಿಕೊಂಡು ಅತ್ತಾಗ, ಅದು ಎಂಥ ಭಾರ ಅಂತ ಸುಬ್ರತಾನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತಿತ್ತು?

ಈಗ ಫೋನಿನಲ್ಲಿ ಹೇಳಲು ಆಗದ ವಿಷಯಕ್ಕೆ ಬರುತ್ತೇನೆ.

ಏರಿಯಾ ಟೂರ್ನಮೆಂಟ್‌ನ ಸೆಮಿಫೈನಲ್. ಆ ವರ್ಷ ಮಾತ್ರ ನೀನು ಬೇರೆ ಟೀಮಿಗೆ ಆಡಿದ್ದೆ. ನಾನು ಲೆಫ್ಟ್ ಬ್ಯಾಕ್, ನೀನು ನನ್ನ ಎದುರು ರೈಟ್ ವಿಂಗ್. ಎರಡು ಸಲ ನನ್ನ ಕಾಲ ಸಂದಿಯಲ್ಲಿ ಬಾಲ್ ತೂರಿಸಿ ದಾಟಿಹೋದೆ. ಲೈನ್ ಪಕ್ಕ ನಿಂತ ಹುಡುಗರು ಕೇಕೆ ಹಾಕಿದರು. ಮೂರನೇ ಸಲ ಬಾಲ್ ನಿನ್ನ ಹತ್ತಿರ ಬರುವ ಮೊದಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಎರಡೂ ಕಾಲು ನೆಲ ಬಿಟ್ಟಿತ್ತು. ನಾನು ಬಾಲ್ ನೋಡಲೇ ಇಲ್ಲ ಕಣೋ. ನಿನಗೆ ಹೇಗೆ ಗೊತ್ತಾಯಿತೋ, ಅರ್ಧ ಎಗರಿದೆ. ನನ್ನ ಸ್ಟಡ್ಸ್ ನಿನ್ನ ಶಿನ್ ಪ್ಯಾಡಿಗೆ (ಮೊಣಕಾಲ ಕೆಳಗಿನ ಮೂಳೆ ಕಾಯುವ ಪಟ್ಟಿಗೆ) ಬಡಿಯಿತು. ಟಕ್ ಅಂತ ಒಂದು ಸದ್ದು, ಒಣ ಕಡ್ಡಿ ಮುರಿದ ಹಾಗೆ. ನೀನು ಬಿದ್ದೆ, ಮಣ್ಣು ಕೊಡವಿಕೊಂಡು ಎದ್ದೆ, ನನ್ನ ಕಡೆ ನೋಡಿ ನಕ್ಕೆ. ರೆಫ್ರಿ ಫ್ರೀ ಕಿಕ್ ಕೊಟ್ಟರು. ಹಳದಿ ಕಾರ್ಡ್ ಕೂಡ ಇಲ್ಲ.

ಮ್ಯಾಚ್ ಮುಗಿದ ಮೇಲೆ ನೀನು ಕಟ್ಟೆ ಮೇಲೆ ಕೂತು ಸಾಕ್ಸ್ ಇಳಿಸಿದೆ. ಪ್ಯಾಡ್ ಮೇಲಿಂದ ಕೆಳಗೆ ನೆಟ್ಟಗೆ ಸೀಳಿತ್ತು. ಒಳಗೆ ಕಾಲಿನ ಮೇಲೆ ಒಂದು ಕೆಂಪು ಗೆರೆ, ಅಷ್ಟೇ. ನೀನು ಯಾರದೋ ಹತ್ತಿರ ಕರೆಂಟಿನ ಕಪ್ಪು ಟೇಪು ಇಸ್ಕೊಂಡು ಪ್ಯಾಡಿಗೆ ಸುತ್ತಿದೆ. ಅದನ್ನೇ ಹಾಕಿಕೊಂಡು ಫೈನಲ್ಲೂ ಆಡಿದೆ. ಆ ಸಂಜೆ ಟೀಗೆ ನಾನೇ ದುಡ್ಡು ಕೊಟ್ಟೆ. ಬೇರೆ ಏನೂ ಹೇಳಲಿಲ್ಲ.

ನಿನ್ನ ಲೆಕ್ಕದಲ್ಲಿ ಅದು ಬರೀ ಒಂದು ಫ್ರೀ ಕಿಕ್. ನಿನಗೆ ಅದು ನೆನಪೂ ಇರಲಿಕ್ಕಿಲ್ಲ. ನೀನು ಎಗರುವುದು ಸ್ವಲ್ಪ ತಡವಾಗಿದ್ದರೆ, ಇವತ್ತು ನಾನು ಊರೆಲ್ಲ ಹೇಳುವ ಟೇಲರ್ ನಾನೇ ಆಗಿರುತ್ತಿದ್ದೆ. ತಡವಾಗಲಿಲ್ಲ, ಅದು ನಿನ್ನ ಚುರುಕುತನ. ನಾನು ಮಾಡಿದ್ದು ಅದರಿಂದ ಏನೂ ಕಮ್ಮಿ ಆಗಲ್ಲ. ಅವತ್ತು ರೆಫ್ರಿ ನನ್ನನ್ನು ಹೊರಗೆ ಕಳಿಸಬೇಕಿತ್ತು. ಸ್ಟ್ರಾಯ್ಕ್ ಬಗ್ಗೆ ನಾನು ಅಷ್ಟು ಹಟ ಹಿಡಿದದ್ದು ಇದಕ್ಕೇ. ನಾನು ಕೊಟ್ಟದ್ದಕ್ಕೆ ಕಾರ್ಡ್ ಇಲ್ಲ, ಅವನಿಗೆ ಮೂರು ಮ್ಯಾಚ್. ಅದು ನನಗೆ ನುಂಗಲಾಗುತ್ತಿಲ್ಲ.

ಇಷ್ಟು ವರ್ಷ ಕ್ಷಮೆ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಇನ್ನೊಂದು ವಿಷಯ. ಮಗನಿಗೆ ತಂದ ಶಿನ್ ಪ್ಯಾಡ್ ದೊಡ್ಡದಾಯಿತು, ಮುಂದಿನ ವರ್ಷಕ್ಕೂ ಆಗುತ್ತೆ ಅಂದೆಯಲ್ಲ. ಹಾಗೆ ಮಾಡಬೇಡ. ಸಡಿಲ ಇದ್ದರೆ ಓಡುವಾಗ ಪಕ್ಕಕ್ಕೆ ಜಾರುತ್ತೆ, ಮೂಳೆ ಬರಿದಾಗಿಬಿಡುತ್ತೆ. ಶನಿವಾರ ಅವನನ್ನು ಕರೆದುಕೊಂಡು ಬಾ. ಅಳತೆ ನೋಡಿ ಸರಿಯಾದದ್ದು ನಾನೇ ಕೊಡಿಸುತ್ತೇನೆ.

ನಿನ್ನ,
ಹಳೇ ಲೆಫ್ಟ್ ಬ್ಯಾಕ್